ಜಾಲಹಳ್ಳಿಯ ನೆರೆಹೊರೆಯೂ ಅಂಗವಿಕಲರ ಬಾಳುವೆಯೂ

ಮನೆಯೆಂದ ಮೇಲೆ ಅದರಲ್ಲಿ ಬಲವುಳ್ಳವರೂ ಇರುವರು, ಬಲಹೀನರೂ ಇರುವರು. ಮುದುಕರ ಕೈಗೆ ಕೋಲು ಕೊಡುತ್ತೇವೆ, ನಡೆ ಕಲಿಯುವ ಕೂಸಿಗೆ ಬೆರಳು ಕೊಡುತ್ತೇವೆ. ಅದರಲ್ಲಿ ವಿಶೇಷವೇನೂ ನಮಗೆ ಕಾಣುವುದಿಲ್ಲ. ಆದರೆ ಅದೇ ಮನೆಯಲ್ಲಿ ಕಣ್ಣಿಲ್ಲದ ಮಗನೋ, ಕಿವಿ ಕೇಳದ ಮಗಳೋ, ಬುದ್ಧಿಯ ಬೆಳವಣಿಗೆ ತಡವಾದ ಮಗುವೋ ಇದ್ದಲ್ಲಿ ನಮ್ಮ ನಡವಳಿಕೆ ಬೇರೆಯಾಗುತ್ತದೆ. ನೆಂಟರು ಬಂದಾಗ ಆ ಮಗು ಒಳಕೋಣೆಯಲ್ಲಿರುವುದು; ಮದುವೆ ಮುಂಜಿಗಳಿಗೆ ಹೊರಟಾಗ ಅದರ ಜೊತೆಗೆ ತಾಯಿಯೋ ಅಜ್ಜಿಯೋ ಮನೆಯಲ್ಲಿಯೇ ಉಳಿಯುವರು. ಇದನ್ನು ನಿರ್ದಯೆಯೆಂದು ಕರೆಯುವುದು ಅನ್ಯಾಯ. ಬಹುಮಟ್ಟಿಗೆ ಇದು ಪ್ರೀತಿಯೇ. ಆದರೆ ಮುಂದಿನ ದಾರಿಯನ್ನು ಅರಿಯದ ಪ್ರೀತಿ.

ಬೆಂಗಳೂರಿನಂಥ ದೊಡ್ಡ ಪಟ್ಟಣದಲ್ಲಿ ಅಂಗವಿಕಲರಿಗೆ ದೊರೆಯತಕ್ಕ ನೆರವು ಕಡಮೆಯಿಲ್ಲ. ಕಾಯಿದೆಯುಂಟು, ಶಾಲೆಗಳುಂಟು, ಕಸಬು ಕಲಿಸುವ ಸಂಸ್ಥೆಗಳುಂಟು. ಇಷ್ಟೆಲ್ಲ ಇದ್ದೂ ಎಷ್ಟೋ ಮನೆಗಳಿಗೆ ಅದು ಮುಟ್ಟುವುದಿಲ್ಲವಷ್ಟೆ. ಕಾರಣವೇನು? ಮನೆಗೂ ಸಂಸ್ಥೆಗೂ ನಡುವಿನ ನಾಲ್ಕು ಹೆಜ್ಜೆಯನ್ನು ಜೊತೆಯಲ್ಲಿ ನಡೆಯುವವರಿಲ್ಲ. ಆ ನಾಲ್ಕು ಹೆಜ್ಜೆ ನೆರೆಹೊರೆಯವರ ಕೆಲಸವೆಂಬುದೇ ನಮ್ಮ ಅಭಿಪ್ರಾಯ. ಪಟ್ಟಣದ ಉತ್ತರ ಭಾಗದ ಜಾಲಹಳ್ಳಿಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರಮಾಡೋಣ.

ಕೈಕಸಬಿನ ಊರು

ಜಾಲಹಳ್ಳಿಯು ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಹಳ್ಳಿ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇಲ್ಲಿ ಸೇನೆಯ ಆಸ್ಪತ್ರೆಗಳೆದ್ದುವು. ಯುದ್ಧ ಮುಗಿದ ಮೇಲೆ ಸ್ವತಂತ್ರ ಭಾರತದ ಕಾರ್ಖಾನೆಗಳು ಬಂದುವು: 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಪಕ್ಕದ ಪೀಣ್ಯದಲ್ಲಿ ಅನಂತರ ಬೆಳೆದ ಕೈಗಾರಿಕಾ ಪ್ರದೇಶವನ್ನು ಬಲ್ಲದವರಿಲ್ಲ. ಹೀಗೆ ಇದು ಯಂತ್ರ, ಉಪಕರಣ, ಕುಶಲ ಕೈಗಳ ಊರಾಯಿತು.

ಈ ಊರಿನ ಒಂದು ಸಣ್ಣ ಪದಾರ್ಥವು ನಮ್ಮ ವಿಷಯಕ್ಕೆ ಒಳ್ಳೆಯ ಪಾಠ. ಎಚ್.ಎಂ.ಟಿ. ಕಾರ್ಖಾನೆಯವರು ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ 1961ರಲ್ಲಿ ಕೈಗಡಿಯಾರಗಳನ್ನು ಮಾಡತೊಡಗಿದರು. ಮುಂದೆ ಅವರು ಅಂಧರಿಗಾಗಿ ಒಂದು ಬಗೆಯ ಗಡಿಯಾರವನ್ನೂ ಮಾಡಿದರು. ಅದರ ಗಾಜು ಮುಚ್ಚಳದಂತೆ ತೆರೆದುಕೊಳ್ಳುತ್ತಿತ್ತು. ಒಳಗೆ ಅಂಕಿಗಳಿಗೆ ಬದಲಾಗಿ ಉಬ್ಬು ಚುಕ್ಕೆಗಳಿದ್ದುವು. ಕಣ್ಣಿಲ್ಲದವನು ಮುಳ್ಳುಗಳನ್ನು ಬೆರಳಿನಿಂದ ಮೃದುವಾಗಿ ಮುಟ್ಟಿ ವೇಳೆ ತಿಳಿಯುತ್ತಿದ್ದನು. ಎಚ್.ಎಂ.ಟಿ. ಗಡಿಯಾರದ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರದವರು 2016ರಲ್ಲಿ ನಿಶ್ಚಯಿಸಿದರು. ಆ ಗಡಿಯಾರ ಇಂದು ಹಳೆಯ ಪೆಟ್ಟಿಗೆಗಳಲ್ಲಿ ಮಾತ್ರ ಉಳಿದಿರಬಹುದು. ಆದರೆ ಅದು ಕಲಿಸಿದ ಪಾಠ ಹಳತಾಗಿಲ್ಲ. ಕುರುಡನಿಗೆ ವೇಳೆ ತಿಳಿಯದಿದ್ದುದು ಅವನ ಕಣ್ಣಿನ ದೋಷವಷ್ಟೇ ಆಗಿರಲಿಲ್ಲ. ಗಡಿಯಾರದ ಗಾಜು ತೆರೆಯದಿದ್ದುದೂ ಅದಕ್ಕೆ ಕಾರಣವಾಗಿತ್ತು. ಮನುಷ್ಯನನ್ನು ಬದಲಾಯಿಸಲಾಗದ ಕಡೆ ವಸ್ತುವನ್ನು ಕೊಂಚ ಬದಲಾಯಿಸಬಹುದು. ಬೀದಿ, ಬಾಗಿಲು, ಪಾಠ, ಕೆಲಸ, ಇವೆಲ್ಲಕ್ಕೂ ಇದೇ ಮಾತು ಸಲ್ಲುತ್ತದೆ.

ಹೆಸರೂ ಎಣಿಕೆಯೂ

2011ರ ಖಾನೇಷುಮಾರಿಯ ಪ್ರಕಾರ ಭಾರತದಲ್ಲಿ 2 ಕೋಟಿ 68 ಲಕ್ಷ ಜನ ಅಂಗವಿಕಲರಿದ್ದರು. ಕರ್ನಾಟಕದಲ್ಲಿ 13 ಲಕ್ಷಕ್ಕೆ ಮೀರಿ ಇದ್ದರು. ಹಿಂದೆ ಜನರು ಕುಂಟ, ಕುರುಡ, ಕಿವುಡ, ಪೆದ್ದ ಎಂದು ಕೂಗಿ ಕರೆಯುತ್ತಿದ್ದರು; ಮನುಷ್ಯನ ಹೆಸರು ಮರೆತು ಕೊರತೆಯೇ ಹೆಸರಾಗುತ್ತಿತ್ತು. ನಮ್ಮ ರಾಜ್ಯ ಸರ್ಕಾರದವರು ಈಗ ‘ವಿಕಲಚೇತನರು’ ಎಂಬ ಮಾತನ್ನು ಬಳಸುತ್ತಾರೆ. ಕೇಂದ್ರದವರು ‘ದಿವ್ಯಾಂಗ’ ಎನ್ನುತ್ತಾರೆ. ಮಾತು ಯಾವುದಾದರೂ ಇರಲಿ, ತಂದೆತಾಯಿಗಳು ಇಟ್ಟ ಹೆಸರಿನಿಂದ ಕರೆಯುವುದಕ್ಕಿಂತ ಹೆಚ್ಚಿನ ಗೌರವವಿಲ್ಲ.

2016ರಲ್ಲಿ ಆದ ಅಂಗವಿಕಲರ ಹಕ್ಕುಗಳ ಕಾಯಿದೆಯು 2017ರ ಏಪ್ರಿಲ್ ತಿಂಗಳಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೇಳಿತ್ತು. ಹೊಸದು ಇಪ್ಪತ್ತೊಂದನ್ನು ಹೇಳುತ್ತದೆ. ಆಟಿಸಂ, ಕಲಿಕೆಯ ತೊಡಕು, ಮಾಂಸಖಂಡಗಳು ಸೊರಗುವ ರೋಗ, ತಲಸ್ಸೇಮಿಯ, ಪಾರ್ಕಿನ್ಸನ್ ರೋಗ, ಆಮ್ಲದಾಳಿಗೆ ತುತ್ತಾದವರ ಗಾಯ, ಇವೆಲ್ಲ ಅದರಲ್ಲಿ ಸೇರಿವೆ. ಆದುದರಿಂದ ‘ನಮ್ಮ ಮನೆಯವರದು ಅಂಥ ವೈಕಲ್ಯವಲ್ಲ’ ಎಂದು ತಾವೇ ತೀರ್ಮಾನಿಸಿ ಸುಮ್ಮನಿರುವುದು ಸರಿಯಲ್ಲ. ವೈದ್ಯರನ್ನು ಕೇಳಿ ತಿಳಿಯತಕ್ಕದ್ದು.

ಬೇಗ ಅರಿಯುವುದು

‘ನಮ್ಮ ಮಾವನವರೂ ತಡವಾಗಿ ಮಾತಾಡಿದವರೇ, ಇವನೂ ಆಡುತ್ತಾನೆ’ ಎಂಬ ಸಮಾಧಾನವನ್ನು ನಮ್ಮ ಮನೆಗಳಲ್ಲಿ ಎಷ್ಟು ಸಲ ಕೇಳುತ್ತೇವೆ! ಕೆಲವು ಮಕ್ಕಳ ವಿಷಯದಲ್ಲಿ ಅದು ನಿಜವೂ ಆಗುವುದು. ಆದರೆ ಕಿವಿ ಕೇಳದ ಮಗುವಿಗೆ ಮೊದಲ ಕೆಲವು ವರ್ಷಗಳೇ ಬಂಗಾರದ ಕಾಲ. ಮಿದುಳು ಮಾತನ್ನು ಕಲಿಯುವುದು ಆ ವಯಸ್ಸಿನಲ್ಲಿ. ಅಷ್ಟರೊಳಗೆ ಕಿವಿಗೆ ಯಂತ್ರದ ನೆರವೋ, ಕೈಸನ್ನೆಯ ಭಾಷೆಯೋ ದೊರೆಯದೆ ಹೋದರೆ ಆಮೇಲೆ ಎಷ್ಟು ಕಷ್ಟಪಟ್ಟರೂ ನಷ್ಟ ಪೂರಾ ತುಂಬುವುದಿಲ್ಲ. ಹೊಸದಾಗಿ ಹುಟ್ಟಿದ ಶಿಶುವಿನ ಶ್ರವಣವನ್ನು ಈಗ ಕೆಲವು ನಿಮಿಷಗಳಲ್ಲಿ ನೋವಿಲ್ಲದೆ ಪರೀಕ್ಷಿಸಬಹುದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಯಲ್ಲಿ ದೇಶಕ್ಕೇ ಹೆಸರಾದುದು. ಬೆಂಗಳೂರಿನ ಹೆಣ್ಣೂರು ರಸ್ತೆಯಲ್ಲಿಯೂ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಿದೆ.

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲವೂ ಸರ್ಕಾರಿ ಶಾಲೆಯ ಮಕ್ಕಳನ್ನು ವರ್ಷಕ್ಕೆ ಒಂದು ಸಲವೂ ವೈದ್ಯರ ತಂಡ ನೋಡತಕ್ಕದ್ದು. ಹುಟ್ಟಿನಿಂದ ಬಂದ ದೋಷ, ಕಣ್ಣು ಕಿವಿಗಳ ದೋಷ, ಬೆಳವಣಿಗೆಯ ತಡ ಇವುಗಳನ್ನು ಕಂಡುಹಿಡಿದು ಮುಂದಿನ ಚಿಕಿತ್ಸೆಗೆ ಕಳುಹಿಸುವುದು ಅದರ ಉದ್ದೇಶ. ಈ ಪರೀಕ್ಷೆಯ ದಿನ ಮಗುವನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬಾರದು.

ಮುಂಜಾಗ್ರತೆಯ ಫಲವೇನೆಂಬುದಕ್ಕೆ ಪೋಲಿಯೋ ರೋಗಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ನಮ್ಮಲ್ಲಿ ನಡುವಯಸ್ಸು ದಾಟಿದವರ ಪೈಕಿ ಕಾಲು ಸೋತವರು ಎಷ್ಟೋ ಮಂದಿ ಅದರ ಹೊಡೆತಕ್ಕೆ ಸಿಕ್ಕಿದವರು. ಮನೆ ಮನೆಗೆ ಹೋಗಿ ಎರಡು ಹನಿ ಹಾಕಿದ ಕಾರ್ಯಕರ್ತೆಯರ ಶ್ರಮದಿಂದ 2011ರ ಜನವರಿಯ ತರುವಾಯ ದೇಶದಲ್ಲಿ ಕಾಡುವೈರಸ್ಸಿನ ಪೋಲಿಯೋ ಕಾಣಲಿಲ್ಲ. 2014ರ ಮಾರ್ಚಿಯಲ್ಲಿ ಭಾರತವು ಪೋಲಿಯೋ ಇಲ್ಲದ ದೇಶವೆಂಬ ಪ್ರಮಾಣ ಪಡೆಯಿತು. ಬಾಗಿಲು ತಟ್ಟಿ ಬಂದವರಿಂದಲೇ ಈ ಕೆಲಸ ಆಯಿತೆಂಬುದನ್ನು ನೆನಪಿಡಬೇಕು.

ಒಂದು ಚೀಟಿ

ಅಂಗವಿಕಲರಿಗೆ ಸರ್ಕಾರದಿಂದ ಬರತಕ್ಕ ಯಾವ ನೆರವಿಗೂ ಮೊದಲು ಬೇಕಾದುದು ವೈಕಲ್ಯದ ಪ್ರಮಾಣಪತ್ರ. ಅದರೊಡನೆ ದೇಶದಲ್ಲೆಲ್ಲ ನಡೆಯುವ ವಿಶಿಷ್ಟ ಗುರುತಿನ ಚೀಟಿಯೊಂದನ್ನು ಕೊಡುತ್ತಾರೆ. ಜನರು ಇದನ್ನು ಯು.ಡಿ.ಐ.ಡಿ. ಕಾರ್ಡು ಎನ್ನುವರು. ಶೇಕಡಾ 40ಕ್ಕಿಂತ ಕಡಮೆ ವೈಕಲ್ಯವಿದ್ದರೆ ಬಿಳಿಯ ಗೆರೆ, 40ರಿಂದ 80ರ ಒಳಗಿದ್ದರೆ ಹಳದಿ ಗೆರೆ, 80ಕ್ಕೂ ಮೇಲಿದ್ದರೆ ನೀಲಿ ಗೆರೆ ಅದರಲ್ಲಿರುತ್ತದೆ. ಶೇಕಡಾ 40 ಎಂಬುದೇ ಬಹಳ ಸೌಲಭ್ಯಗಳಿಗೆ ಮೇರೆ. ಅರ್ಜಿಯನ್ನು ‘ಸ್ವಾವಲಂಬನ್’ ಎಂಬ ಅಂತರ್ಜಾಲದ ತಾಣದಲ್ಲಿ ಹಾಕಿ, ಗೊತ್ತುಪಡಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರಿಗೆ ತೋರಿಸಬೇಕು. ಜಾಲಹಳ್ಳಿಯ ಕಡೆಯವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆಯೆಂದರೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ. ಬುದ್ಧಿಯ ಹಾಗೂ ಮನಸ್ಸಿನ ತೊಂದರೆಗಳ ಪರೀಕ್ಷೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆ ಪ್ರಸಿದ್ಧವಾದುದು.

ಈ ಚೀಟಿಯಿಂದ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಅದನ್ನು ನಾಡಕಚೇರಿಯಲ್ಲಿ ಕೊಡಬೇಕು. ಬಸ್ಸಿನ ರಿಯಾಯಿತಿ ಪಾಸು, ರೈಲಿನ ರಿಯಾಯಿತಿ, ವಿದ್ಯಾರ್ಥಿವೇತನ, ಗಾಲಿಕುರ್ಚಿ, ಶ್ರವಣಯಂತ್ರ ಮುಂತಾದ ಉಪಕರಣಗಳು ಇದರ ಮೂಲಕವೇ ದೊರೆಯುವುವು. ಉಪಕರಣಗಳನ್ನು ಕಡಮೆ ವರಮಾನದವರಿಗೆ ಧರ್ಮಾರ್ಥವಾಗಿ ಕೊಡುವ ಕೇಂದ್ರ ಸರ್ಕಾರದ ಯೋಜನೆಯುಂಟು. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪಿತವಾದ ಕೃತಕ ಅಂಗಗಳ ಕಾರ್ಖಾನೆಯು ಅವುಗಳಲ್ಲಿ ಬಹಳವನ್ನು ತಯಾರಿಸುತ್ತದೆ.

ಇಷ್ಟು ಓದಿದ ವಾಚಕರಿಗೆ ಇದೆಲ್ಲ ಸುಲಭವೆಂದು ತೋರಬಹುದು. ಆದರೆ ಕೂಲಿಗೆ ಹೋಗುವ ತಾಯಿಯೊಬ್ಬಳನ್ನು ನೆನೆಯಿರಿ. ಒಂದು ದಿನ ಅರ್ಜಿಗೆ, ಒಂದು ದಿನ ಆಸ್ಪತ್ರೆಗೆ, ಒಂದು ದಿನ ‘ವೈದ್ಯರು ಇಂದು ಇಲ್ಲ’ ಎಂಬ ಉತ್ತರಕ್ಕೆ, ಹೀಗೆ ದಿನಗಳನ್ನು ಕಳೆದರೆ ಆ ದಿನಗಳ ಕೂಲಿ ಹೋದಂತೆಯೇ. ಎತ್ತಿಕೊಂಡು ಹೋಗಬೇಕಾದ ಮಗು ಹನ್ನೆರಡು ವರ್ಷದ್ದಾಗಿದ್ದರೆ ಆಟೋರಿಕ್ಷಾದ ಬಾಡಿಗೆ ಬೇರೆ. ಈ ತೊಡಕಿಗಾಗಿಯೇ ನಮ್ಮ ರಾಜ್ಯದಲ್ಲಿ ಪುನರ್ವಸತಿ ಕಾರ್ಯಕರ್ತರೆಂಬವರನ್ನು ನೇಮಿಸಿದ್ದಾರೆ: ಗ್ರಾಮ ಪಂಚಾಯಿತಿಗಳಿಗೆ ಗ್ರಾಮೀಣ ಕಾರ್ಯಕರ್ತರು, ಪಟ್ಟಣಗಳಿಗೆ ನಗರ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಕಾರ್ಯಕರ್ತರು. ಇವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ಆದುದರಿಂದ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ತಮ್ಮ ಭಾಗದ ಕಾರ್ಯಕರ್ತರು ಯಾರೆಂಬುದನ್ನು ವಿಚಾರಿಸಿ ತಿಳಿದು, ಬೇಕಾದ ಮನೆಗೆ ತಿಳಿಸುವುದು ನೆರೆಯವರು ಮಾಡಬಹುದಾದ ಮೊದಲನೆಯ ಉಪಕಾರ.

ವಿದ್ಯೆ

ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1901ರಲ್ಲಿಯೇ ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಕಿವುಡರಿಗೂ ಅಂಧರಿಗೂ ಶಾಲೆಯನ್ನು ತೆರೆದರು. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಬಡಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರ ವರೆಗೆ ಆ ಜ್ಯೋತಿಯನ್ನು ಕಾಪಾಡಿದರು. ಗುರುವಿಗೂ ಕಣ್ಣಿರಲಿಲ್ಲ, ಶಿಷ್ಯನಿಗೂ ಇರಲಿಲ್ಲ. ಆದರೂ ಅಲ್ಲಿ ಕಲಿತವರು ನಾಡಿನ ತುಂಬ ಸಂಗೀತದ ಮೇಷ್ಟರಾಗಿ, ಗಾಯಕರಾಗಿ ಸಂಸಾರ ನಡೆಸಿದರು. ಆಶ್ರಮದಲ್ಲಿ ದಯೆಯಿತ್ತು, ನಿಜ. ಆದರೆ ದಯೆಯ ಜೊತೆಗೆ ಒಂದು ವಿದ್ಯೆಯನ್ನು ಕೊಟ್ಟುದೇ ಅದರ ಹೆಗ್ಗಳಿಕೆ.

ಅಂಧರು ಬೆರಳಿನಿಂದ ಓದುವ ಬ್ರೈಲ್ ಲಿಪಿಯು ಆರು ಚುಕ್ಕೆಗಳ ಜೋಡಣೆ. ಹಿಂದೆ ಭಾರತದಲ್ಲಿ ಇದಕ್ಕೆ ಹಲವು ಪಾಠಗಳಿದ್ದುವು. 1951ರಲ್ಲಿ ಭಾರತಿ ಬ್ರೈಲ್ ಎಂಬ ಒಂದೇ ಕ್ರಮ ಬಂದಿತು. ಅದರಿಂದ ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ಒಂದೇ ಗುರುತು. ಇಂದಿನ ಮೊಬೈಲ್ ಫೋನು ಕನ್ನಡ ಬರಹವನ್ನು ಗಟ್ಟಿಯಾಗಿ ಓದಿ ಹೇಳಬಲ್ಲುದು; ಮನೆಯ ಹುಡುಗರು ಒಂದು ಸಂಜೆ ಕುಳಿತು ಕಣ್ಣು ಮಂದವಾದ ಅಜ್ಜನಿಗೆ ಅದನ್ನು ಕಲಿಸಿಕೊಟ್ಟರೆ ಪತ್ರಿಕೆ ಓದುವ ಸುಖ ಅವರಿಗೆ ಮರಳಿ ಬರುವುದು. ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಮಿತ್ರಜ್ಯೋತಿ ಸಂಸ್ಥೆಯವರು ಧ್ವನಿ ಪುಸ್ತಕಗಳನ್ನೂ ಬ್ರೈಲ್ ಪುಸ್ತಕಗಳನ್ನೂ ಸಿದ್ಧಪಡಿಸುತ್ತಾರೆ. ಜೆ.ಪಿ. ನಗರದಲ್ಲಿ ರಮಣ ಮಹರ್ಷಿ ಅಂಧರ ಶಾಲೆಯು 1969ರಿಂದ ನಡೆದುಬಂದಿದೆ.

ಕಾಯಿದೆಯ ಪ್ರಕಾರ ಶೇಕಡಾ 40ರ ಮೇಲೆ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕುಂಟು. ಯಾವುದೆಂಬ ಆಯ್ಕೆ ಮನೆಯವರದು. ಪರೀಕ್ಷೆಯಲ್ಲಿ ಬರೆಯಲು ಸಹಾಯಕನನ್ನೂ ಹೆಚ್ಚಿನ ವೇಳೆಯನ್ನೂ ಕೇಳಬಹುದು. ಸೆರೆಬ್ರಲ್ ಪಾಲ್ಸಿಯಿಂದ ಕೈಕಾಲು ಬಿಗಿದ ಮಕ್ಕಳಿಗೆ 1980ರಲ್ಲಿ ಹುಟ್ಟಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇಂದಿರಾನಗರದಲ್ಲಿದೆ. ಚಿಕಿತ್ಸೆ, ಶಾಲೆ, ತಾಯಂದಿರಿಗೆ ತಿಳಿವಳಿಕೆ ಮೂರೂ ಅಲ್ಲಿ ಒಟ್ಟಿಗೆ ದೊರೆಯುವುವು. ಜಾಲಹಳ್ಳಿಯಿಂದ ಅಲ್ಲಿಗೆ ಮೆಟ್ರೋ ರೈಲಿನಲ್ಲಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿಕೊಂಡು ಹೋಗಬಹುದು.

ಕಸಬು

ಓದು ಮುಗಿದ ಮೇಲೆ ಏನು ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲಿಯೂ ಏಳುವುದೇ. ಅಂಗವಿಕಲರ ಮನೆಯಲ್ಲಿ ಮಾತ್ರ ಅದನ್ನು ಬಾಯಿಬಿಟ್ಟು ಕೇಳಲು ಹೆದರುತ್ತಾರೆ. ಈ ಹೆದರಿಕೆಯನ್ನು ಬಿಡಿಸಿದವರಲ್ಲಿ ಎನ್.ಎಸ್. ಹೇಮಾ ಅವರ ಹೆಸರು ಹಿರಿದು. ಸ್ವತಃ ಅಂಗವೈಕಲ್ಯವನ್ನು ಅನುಭವಿಸಿದ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಘವನ್ನು ಕಟ್ಟಿದರು; ಇಂದು ಜನರು ಅದನ್ನು ಎ.ಪಿ.ಡಿ. ಎಂದು ಕರೆಯುತ್ತಾರೆ. ಲಿಂಗರಾಜಪುರದ ಅದರ ಆವರಣದಲ್ಲಿ ಶಾಲೆಯಿದೆ, ಕೈಗಾರಿಕಾ ತರಬೇತಿಯಿದೆ. ತೋಟಗಾರಿಕೆಯ ತರಬೇತಿಯನ್ನೂ ಸಂಘದವರು ಕೊಡುತ್ತಾರೆ. ಬಿ.ಇ.ಎಲ್. ವೃತ್ತದಿಂದ ಹೊರವರ್ತುಲ ರಸ್ತೆಯ ಬಸ್ಸು ಹಿಡಿದು, ಹೆಬ್ಬಾಳದ ಮೇಲೆ ಹೆಣ್ಣೂರಿನ ಕಡೆಗೆ ಹೋದರೆ ಲಿಂಗರಾಜಪುರ ದೂರವಿಲ್ಲ.

ತೋಟಗಾರಿಕೆಯ ಮಾತನ್ನು ವಾಚಕರು ಗಮನಿಸಬೇಕು. ಬುದ್ಧಿಯ ಬೆಳವಣಿಗೆ ತಡವಾದ ತರುಣನೊಬ್ಬನಿಗೆ ಲೆಕ್ಕ ಬಾರದಿರಬಹುದು. ಆದರೆ ಸಸಿಗೆ ನೀರೆರೆಯುವುದು, ಮಣ್ಣು ಗೊಬ್ಬರ ಬೆರೆಸುವುದು, ಕುಂಡ ತುಂಬುವುದು, ಇವನ್ನು ತಾಳ್ಮೆಯಿಂದ ತೋರಿಸಿದರೆ ದಿನವೂ ಒಂದೇ ಶ್ರದ್ಧೆಯಿಂದ ಮಾಡಬಲ್ಲನು. ಗಿಡಕ್ಕೆ ಅವಸರವಿಲ್ಲ, ಅದು ಗದರಿಸುವುದೂ ಇಲ್ಲ. ಅವನವನ ಶಕ್ತಿಗೆ ತಕ್ಕ ಕೆಲಸವನ್ನು ಹುಡುಕುವುದರಲ್ಲಿಯೇ ಜಾಣತನವಿರುವುದು.

ಯಾವ ಕೆಲಸ ಯಾರಿಗೆ ತಕ್ಕುದೆಂಬುದನ್ನು ಪರೀಕ್ಷಿಸಿ ಹೇಳಲು ಹೊಸೂರು ರಸ್ತೆಯಲ್ಲಿ ಕೇಂದ್ರ ಕಾರ್ಮಿಕ ಇಲಾಖೆಯ ಕೇಂದ್ರವೊಂದಿದೆ. 1997ರಲ್ಲಿ ಹುಟ್ಟಿದ ಸಮರ್ಥನಂ, 1999ರಲ್ಲಿ ಹುಟ್ಟಿದ ಎನೇಬಲ್ ಇಂಡಿಯಾ ಮುಂತಾದ ಸಂಸ್ಥೆಗಳು ಗಣಕಯಂತ್ರದ ಕೆಲಸ ಕಲಿಸಿ ನೌಕರಿ ಹುಡುಕಿಕೊಡುತ್ತವೆ. ಡಿಪ್ಲೊಮಾ ಓದಬಯಸುವವರಿಗೆ ಮೈಸೂರಿನಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಅಂಗವಿಕಲರ ಪಾಲಿಟೆಕ್ನಿಕ್ ಇದೆ. ಕೇಂದ್ರದ ಕಾಯಿದೆಯು ಸರ್ಕಾರಿ ನೌಕರಿಗಳಲ್ಲಿ ಶೇಕಡಾ 4ನ್ನೂ ಉನ್ನತ ವಿದ್ಯೆಯಲ್ಲಿ ಶೇಕಡಾ 5ನ್ನೂ ಮೀಸಲಿಟ್ಟಿದೆ. ಶೈಶವದಲ್ಲಿಯೇ ಪೋಲಿಯೋದಿಂದ ಕೈಕಾಲುಗಳನ್ನು ಕಳೆದುಕೊಂಡ ಕೆ.ಎಸ್. ರಾಜಣ್ಣನವರು ನಮ್ಮ ರಾಜ್ಯದ ಅಂಗವಿಕಲರ ಆಯುಕ್ತರಾಗಿದ್ದು, 2024ರಲ್ಲಿ ಪದ್ಮಶ್ರೀ ಪಡೆದುದನ್ನು ಇಲ್ಲಿ ನೆನೆಯಬಹುದು.

ಪೀಣ್ಯದಲ್ಲಿಯೂ ಜಾಲಹಳ್ಳಿಯಲ್ಲಿಯೂ ಸಣ್ಣ ಕಾರ್ಖಾನೆಗಳನ್ನಿಟ್ಟಿರುವ ಗೃಹಸ್ಥರು ನಮ್ಮ ವಾಚಕರಲ್ಲಿಯೂ ಇರಬಹುದು. ಅವರಲ್ಲಿ ನಮ್ಮದೊಂದು ವಿಜ್ಞಾಪನೆ. ಯಂತ್ರದ ಗದ್ದಲದಲ್ಲಿ ಕಿವಿ ಕೇಳುವವನೂ ಸನ್ನೆಯಿಂದಲೇ ಮಾತಾಡಬೇಕಷ್ಟೆ? ಅಲ್ಲಿ ಕಿವುಡನಿಗೆ ಏನು ಕೊರತೆ? ಅಪಾಯದ ಗಂಟೆಯ ಜೊತೆಗೆ ಒಂದು ಕೆಂಪು ದೀಪವನ್ನು ಕಟ್ಟಿದರೆ ಸಾಕು. ಕುಳಿತು ಮಾಡುವ ಕೆಲಸಕ್ಕೆ ಕಾಲು ಬೇಕಾಗಿಲ್ಲ. ಮೇಜಿನ ಎತ್ತರವನ್ನು ಸರಿಪಡಿಸಿದರಾಯಿತು. ಧರ್ಮಕ್ಕಾಗಿ ಒಬ್ಬನನ್ನು ಇಟ್ಟುಕೊಳ್ಳಿರೆಂದು ನಾವು ಬೇಡುವುದಿಲ್ಲ. ಕೆಲಸ ಬಲ್ಲವನು ಬಾಗಿಲಿಗೆ ಬಂದರೆ ಊರುಗೋಲನ್ನು ನೋಡಿ ಹಿಂದಕ್ಕೆ ಕಳುಹಿಸಬೇಡಿರೆಂದಷ್ಟೇ ಬೇಡುತ್ತೇವೆ.

ದಾರಿಯ ಮಾತು

ಜಾಲಹಳ್ಳಿಯ ಹೆಸರುಳ್ಳ ಮೆಟ್ರೋ ನಿಲ್ದಾಣವು 2015ರ ಮೇ 1ರಂದು ತೆರೆಯಿತು. ಅದರಲ್ಲಿ ಲಿಫ್ಟು ಇದೆ. ಅಂಧರು ಕೋಲಿನಿಂದಲೂ ಪಾದದಿಂದಲೂ ಗುರುತಿಸುವಂತೆ ಉಬ್ಬು ಗೆರೆಗಳ ಕಲ್ಲುಹಾಸು ಇದೆ. ಇದು ಬಹಳ ದೊಡ್ಡ ಅನುಕೂಲ. ಆದರೆ ನಿಲ್ದಾಣವಿರುವುದು ಹಳೆಯ ಊರಿನೊಳಗಲ್ಲ. ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸಿನಲ್ಲಿ. ಊರಿನ ಮನೆಯಿಂದ ಅಲ್ಲಿಯ ವರೆಗಿನ ಕೆಲವು ಕಿಲೋಮೀಟರು ದಾರಿಯೇ ಗಾಲಿಕುರ್ಚಿಯವನ ಪಾಲಿಗೆ ಪಯಣದ ಕಠಿಣ ಭಾಗ. ಒಡೆದ ಕಾಲುದಾರಿ, ಅದರ ಮೇಲೆ ನಿಲ್ಲಿಸಿದ ಸ್ಕೂಟರು, ಅಂಗಡಿಯ ಮುಂದಕ್ಕೆ ಚಾಚಿದ ಸಾಮಾನು, ಮುಚ್ಚಳವಿಲ್ಲದ ಚರಂಡಿ, ಇವು ಅವನನ್ನು ವಾಹನಗಳ ನಡುವೆ ದೂಡುತ್ತವೆ. ಲಿಫ್ಟನ್ನು ಕಟ್ಟಿದವರು ತಮ್ಮ ಕೆಲಸ ಮಾಡಿದ್ದಾರೆ. ಸ್ಕೂಟರನ್ನು ಕಾಲುದಾರಿಯಿಂದ ತೆಗೆಯಬೇಕಾದವರು ನಾವು.

ಮನೆ, ಅಂಗಡಿ, ಗುಡಿ, ಕಲ್ಯಾಣಮಂಟಪಗಳ ಬಾಗಿಲಿಗೆ ಇಳಿಜಾರು ಕಟ್ಟುವುದು ಕಷ್ಟವಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕೆಂಬುದು ಲೆಕ್ಕ. ಆರು ಅಂಗುಲದ ಮೆಟ್ಟಿಲಿಗೆ ಆರು ಅಡಿ ಸಾಕು. ಇದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ನುಣುಪಾದ ಕಲ್ಲು ಹಾಸಿದರೆ ಮಳೆಯಲ್ಲಿ ಜಾರುವುದು. ಹೆಸರಿಗೆ ಮಾತ್ರ ಕಟ್ಟಿದ ಇಳಿಜಾರು ಮೆಟ್ಟಿಲಿಗಿಂತ ಅಪಾಯ. ಸ್ಥಳೀಯ ಸಂಸ್ಥೆಗಳು ತಮ್ಮ ಹಣದಲ್ಲಿ ಶೇಕಡಾ 5 ಭಾಗವನ್ನು ಅಂಗವಿಕಲರ ಹಿತಕ್ಕೆ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲುಂಟು. ಆ ಹಣ ತಮ್ಮ ಬೀದಿಯಲ್ಲಿ ಏನಾಯಿತೆಂದು ಕೇಳುವುದಕ್ಕೆ ಬಡಾವಣೆಯ ಸಂಘದವರಿಗೆ ಅಧಿಕಾರವಿದೆ.

ಸಂಗಡವೂ ಆಟವೂ

ಅನ್ನ, ಔಷಧ, ವಿದ್ಯೆ ಇವಿಷ್ಟೇ ಮನುಷ್ಯನಿಗೆ ಸಾಲವು; ಜೊತೆಗಾರರು ಬೇಕು. ಬೆಂಗಳೂರಿನ ಮಾಲತಿ ಹೊಳ್ಳ ಅವರು ಪೋಲಿಯೋಪೀಡಿತರಾಗಿಯೂ ಆಟಗಾರ್ತಿಯಾಗಿ 1995ರಲ್ಲಿ ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಅಂಗವಿಕಲ ಮಕ್ಕಳಿಗಾಗಿ ಮಾತೃ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಾಸನ ಜಿಲ್ಲೆಯ ಗಿರೀಶರು 2012ರಲ್ಲಿ ಲಂಡನ್ನಿನ ಪ್ಯಾರಾಲಿಂಪಿಕ್ಸಿನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿಯ ಪದಕ ಗೆದ್ದರು. ಅದೇ ವರ್ಷ ಅಂಧರ ಮೊದಲನೆಯ ಟಿ-20 ವಿಶ್ವಕಪ್ ಬೆಂಗಳೂರಿನಲ್ಲಿಯೇ ನಡೆದು, ನಮ್ಮ ರಾಜ್ಯದ ಶೇಖರ್ ನಾಯಕರ ನಾಯಕತ್ವದಲ್ಲಿ ಭಾರತ ಗೆದ್ದಿತು. 2025ರ ನವೆಂಬರಿನಲ್ಲಿ ಅಂಧ ಮಹಿಳೆಯರ ತಂಡವೂ ಕೊಲಂಬೊ ನಗರದಲ್ಲಿ ವಿಶ್ವಕಪ್ಪನ್ನು ಗೆದ್ದಿತು. ಒಳಗೆ ಗೋಲಿಗಳಿದ್ದು ಸದ್ದು ಮಾಡುವ ಚೆಂಡಿನಿಂದ ಅವರು ಆಡುವರು. ಕಣ್ಣಿನ ಬದಲು ಕಿವಿಯಿಂದ ಚೆಂಡನ್ನು ಹಿಂಬಾಲಿಸುವರು.

ಎಲ್ಲರೂ ಪದಕ ಗೆಲ್ಲಬೇಕಾಗಿಲ್ಲ. ಓಣಿಯ ಮಕ್ಕಳು ಸಂಜೆ ಆಡುವಾಗ ಗಾಲಿಕುರ್ಚಿಯ ಹುಡುಗನನ್ನು ಲೆಕ್ಕ ಬರೆಯುವುದಕ್ಕೆ ಮಾತ್ರ ಕೂರಿಸದೆ ಆಟಕ್ಕೂ ಸೇರಿಸಿಕೊಳ್ಳಲಿ. ಗಣೇಶನ ಹಬ್ಬದ, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಕಣ್ಣಿಲ್ಲದ ಹುಡುಗಿ ಹಾಡಲಿ. ಆರತಕ್ಷತೆಯ ಕರೆಯೋಲೆ ಕೊಡುವಾಗ ‘ಮಗನನ್ನೂ ಖಂಡಿತ ಕರೆತನ್ನಿರಿ’ ಎಂಬ ಮಾತನ್ನು ಸೇರಿಸಿ ಹೇಳಿರಿ. ಆ ಮಾತಿಗೆ ಖರ್ಚಿಲ್ಲ. ಅದನ್ನು ಕೇಳಿದ ತಾಯಿ ಮಾತ್ರ ಎಷ್ಟೋ ದಿನ ನೆನೆಯುವಳು.

ನಮ್ಮ ತರುವಾಯ ಯಾರು?

ಇಷ್ಟಾದರೂ ಒಂದು ಚಿಂತೆ ಉಳಿಯುವುದು. ಸ್ವತಂತ್ರವಾಗಿ ಬಾಳಲಾರದ ಮಗ ಮಗಳಿರುವ ತಂದೆತಾಯಿಗಳು ರಾತ್ರಿ ದೀಪವಾರಿಸಿದ ಮೇಲೆ ಯೋಚಿಸುವುದು ಇದನ್ನೇ: ‘ನಮ್ಮ ಕಾಲಾನಂತರ ಇವರನ್ನು ನೋಡುವವರು ಯಾರು?’ ಇದಕ್ಕೆ ಪೂರ್ತಿ ಸಮಾಧಾನವನ್ನು ಯಾರೂ ಹೇಳಲಾರರು. ಆದರೆ ಸಿದ್ಧತೆ ಮಾಡಿಕೊಳ್ಳಬಹುದು.

1999ರ ರಾಷ್ಟ್ರೀಯ ನ್ಯಾಸದ ಕಾಯಿದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಈ ನಾಲ್ಕು ತೆರನವರಿಗಾಗಿ ಆದುದು. ಮಗುವಿಗೆ 18 ವರ್ಷ ತುಂಬಿದ ಮೇಲೆ ತಂದೆತಾಯಿಗಳೂ ಕಾನೂನಿನ ದೃಷ್ಟಿಯಲ್ಲಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲವೆಂಬುದು ಅನೇಕರಿಗೆ ತಿಳಿಯದು. ಬ್ಯಾಂಕಿನ ಕೆಲಸಕ್ಕೋ ಆಸ್ತಿಯ ಕೆಲಸಕ್ಕೋ ಹೋದಾಗ ಈ ತೊಡಕು ಬೆಳಕಿಗೆ ಬರುವುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯ ಮುಂದೆ ಅರ್ಜಿಯಿಟ್ಟು ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು, ನ್ಯಾಯಾಲಯಕ್ಕೆ ಅಲೆಯಬೇಕಾಗಿಲ್ಲ. ಪಾಲಕನಾದವನು ಆಸ್ತಿಯ ಲೆಕ್ಕವನ್ನು ಸಮಿತಿಗೆ ಒಪ್ಪಿಸತಕ್ಕದ್ದು. ಇದೇ ನ್ಯಾಸದ ‘ನಿರಾಮಯ’ ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ವೆಚ್ಚ ಸಿಗುವುದು. ಅದಕ್ಕೆ ಮುಂಚಿತವಾಗಿ ವೈದ್ಯಪರೀಕ್ಷೆಯ ಕಟ್ಟು ಇಲ್ಲ.

ಕಾಗದಪತ್ರಗಳ ಸಿದ್ಧತೆಯಷ್ಟೇ ಮುಖ್ಯವಾದುದು ಅಭ್ಯಾಸದ ಸಿದ್ಧತೆ. ಮಗು ತಾಯಿಯೊಬ್ಬಳ ಕೈಯಿಂದಲೇ ಉಣ್ಣುವುದನ್ನು ಬಲ್ಲುದಾದರೆ ಆ ತಾಯಿ ಜ್ವರ ಬಂದು ಮಲಗುವಂತೆಯೂ ಇಲ್ಲ. ಚಿಕ್ಕಮ್ಮನಿಂದ, ಅಕ್ಕನಿಂದ, ಪಕ್ಕದ ಮನೆಯವರಿಂದ ಆರೈಕೆಯನ್ನು ಸ್ವೀಕರಿಸುವ ರೂಢಿಯನ್ನು ಚಿಕ್ಕಂದಿನಿಂದಲೇ ಮಾಡಿಸಬೇಕು. ವಾರಕ್ಕೆ ಎರಡು ಗಂಟೆ ಒಬ್ಬ ನೆರೆಯಾಕೆ ಆ ಮಗುವಿನೊಡನೆ ಕುಳಿತರೆ ಎರಡು ಉಪಕಾರಗಳು ಒಟ್ಟಿಗಾಗುವುವು: ಮಗುವಿಗೆ ಹೊಸ ಪರಿಚಯ, ತಾಯಿಗೆ ಎರಡು ಗಂಟೆಯ ಬಿಡುವು. ಎಷ್ಟೋ ವರ್ಷದಿಂದ ದೇವಸ್ಥಾನಕ್ಕೂ ತವರಿಗೂ ಹೋಗದ ತಾಯಂದಿರು ನಮ್ಮ ಬೀದಿಗಳಲ್ಲಿಯೇ ಇದ್ದಾರೆ.

ಈ ಲೇಖನದಲ್ಲಿ ಹೆಸರಿಸಿದ ಸಂಸ್ಥೆಗಳು ಪಟ್ಟಣದ ನಾಲ್ಕು ಮೂಲೆಗಳಲ್ಲಿವೆ. ಇವುಗಳ ಬಾಗಿಲು ತೆರೆದಿರುವುದು ನಿಜ. ಆದರೆ ಅವು ತಾವಾಗಿ ಎದ್ದು ನಮ್ಮ ಓಣಿಗೆ ಬರಲಾರವು. ವಾಚಕರು ತಮ್ಮ ಬೀದಿಯಲ್ಲಿ ಅಂಥ ಒಂದು ಮನೆಯಿದ್ದಲ್ಲಿ ಅಲ್ಲಿಗೆ ಒಮ್ಮೆ ಹೋಗಿ, ಗುರುತಿನ ಚೀಟಿ ಆಗಿದೆಯೇ ಎಂದು ಸಂಕೋಚವಿಲ್ಲದೆ ವಿಚಾರಿಸಲಿ. ಆಗಿಲ್ಲವಾದರೆ ಅರ್ಜಿ ತುಂಬಿಕೊಡಲಿ. ಆಸ್ಪತ್ರೆಗೆ ಹೋಗುವ ದಿನ ಮನೆಯ ಕಾರಿದ್ದರೆ ಅದನ್ನು ತರಲಿ, ಇಲ್ಲದಿದ್ದರೆ ಸರತಿಯ ಸಾಲಿನಲ್ಲಿ ಜೊತೆಗೆ ನಿಲ್ಲಲಿ. ಅದು ಮುಗಿದ ಮೇಲೆ ಶಾಲೆಯ ಮಾತು, ಕಸಬಿನ ಮಾತು ಒಂದೊಂದಾಗಿ ಬರುವುವು. ಮೊದಲು ಈ ವಾರದಲ್ಲಿ ಯಾವ ದಿನ ಬಿಡುವಾಗುವುದೆಂದು ನೋಡಿಕೊಳ್ಳಲಿ.